ತೊಗರಿ ಇದೆ, ಏಜೆಂಟ್‌ಗೆ ಕಾಣುತ್ತಿಲ್ಲ: ಫೈಲ್ ಓದುವ ಟೂಲ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ನಲ್ಲಿ ನಾಲ್ಕೈದು ಅಡತಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅದರಲ್ಲೊಂದು ಅಂಗಡಿಯ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ದಿನದ ಆವಕ ಎಷ್ಟು, ಧಾರಣೆ ಏನು, ಯಾವ ಊರಿನ ಮಾಲು ಎಂಬುದನ್ನೆಲ್ಲ ಅವರು ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕದಲ್ಲಿ ಬರೆಯುತ್ತಾರೆ. 2009ರಿಂದ ಅದನ್ನೇ ಸಂಜೆ ಕಂಪ್ಯೂಟರಿನಲ್ಲೂ ಬರೆಸುತ್ತಾರೆ, ದಿನಕ್ಕೊಂದು ಪಠ್ಯ ಫೈಲ್. ಎಕ್ಸೆಲ್ ಬೇಡ ಎಂದವರು ಅವರೇ. ಮನೆ ಮನೆ ಗೆರೆ ಎಳೆದ ಹಾಳೆಯಲ್ಲಿ ತಮ್ಮ ಮಾತು ಹಿಡಿಸುವುದಿಲ್ಲ ಎಂಬುದು ಅವರ ತಕರಾರು.

ಕಳೆದ ತೊಗರಿ ಹಂಗಾಮಿನಲ್ಲಿ ಅವರ ಅಣ್ಣನ ಮಗ ಆ ಫೈಲ್‌ಗಳನ್ನು ಎಐ ಏಜೆಂಟ್‌ಗೆ, ಅಂದರೆ ಕೇಳಿದ್ದಕ್ಕೆ ತಾನೇ ಫೈಲ್ ಹುಡುಕಿ ಉತ್ತರಿಸುವ ಎಐ ಆಪ್‌ಗೆ, ಓದಲು ಕೊಟ್ಟ. ಕಾಕಾ ಕೇಳಿದ ಮೊದಲ ಪ್ರಶ್ನೆ: 2016ರ ಸಂಕ್ರಾಂತಿ ವಾರದಲ್ಲಿ ಸೇಡಂ ಕಡೆಯಿಂದ ಎಷ್ಟು ಚೀಲ ತೊಗರಿ ಬಂದಿತ್ತು? ಏಜೆಂಟ್ ವಿನಯದಿಂದ ಉತ್ತರಿಸಿತು: “ನಿಮ್ಮ ಫೈಲ್‌ಗಳಲ್ಲಿ ತೊಗರಿಯ ಉಲ್ಲೇಖ ಕಂಡುಬಂದಿಲ್ಲ.”

ಕಾಕಾ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, “ತಮ್ಮಾ, ಇದು ಕಲಬುರಗಿಗೆ ಹೊಸದಾಗಿ ಬಂದದ್ದಿರಬೇಕು” ಎಂದರಂತೆ. ಹುಡುಗ ನನಗೆ ಫೋನ್ ಮಾಡಿದ. ಸರಿಯಾಗಲು ನಾಲ್ಕು ಸಂಜೆ ಹಿಡಿಯಿತು, ಏಕೆಂದರೆ ಕೆಟ್ಟಿದ್ದು ಒಂದಲ್ಲ. ಒಂದನ್ನು ಸರಿಪಡಿಸಿದರೆ ಅದರ ಕೆಳಗೆ ಇನ್ನೊಂದು ಕಾದು ಕುಳಿತಿತ್ತು. ನಮಗೆ ಅವು ಎದುರಾದ ಕ್ರಮದಲ್ಲೇ ಬರೆದಿದ್ದೇನೆ.

ಕೈ ಹಾಕುವ ಮುಂಚೆ ಒಂದು ಕೆಲಸ ಮಾಡಿ: ಇಡೀ ಫೋಲ್ಡರಿನ ನಕಲು ತೆಗೆದು, ಏಜೆಂಟ್‌ಗೆ ಆ ನಕಲನ್ನು ಮಾತ್ರ ತೋರಿಸಿ. ಏಜೆಂಟ್‌ಗೆ ಫೈಲ್ ತೆರೆದುಕೊಡಲು ಸಾಮಾನ್ಯವಾಗಿ ಬಳಸುವ ಸಣ್ಣ ಪ್ರೋಗ್ರಾಂಗಳಲ್ಲಿ ಓದುವ ಟೂಲ್ ಜೊತೆಗೆ ಬರೆಯುವ ಟೂಲ್ ಕೂಡ ಇರುತ್ತದೆ. ಅದು ಹಳೆಯ ಫೈಲಿನ ಮೇಲೆಯೇ ಹೊಸದನ್ನು ಬರೆದುಬಿಡಬಲ್ಲದು. ಹದಿನೈದು ವರ್ಷದ ಲೆಕ್ಕ ಇರುವ ಒಂದೇ ಒಂದು ಪ್ರತಿಯನ್ನು ಹುಡುಗ ನೇರವಾಗಿ ಜೋಡಿಸಿದ್ದ. ನೋಡಿ ನನಗೆ ಬೆವರು ಬಂತು.

ಏಜೆಂಟ್ ಹೇಳುವ ಕಾರಣವನ್ನು ನಂಬಬೇಡಿ

ಏಜೆಂಟ್ ತಾನಾಗಿ ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ. “ಈ ಟೂಲ್, ಈ ಫೈಲ್” ಎಂದು ಒಂದು ಕೋರಿಕೆ ಬರೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರುವ ಸಣ್ಣ ಪ್ರೋಗ್ರಾಂ, ಅಂದರೆ ಸರ್ವರ್, ಫೈಲ್ ತೆರೆದು ಅದರೊಳಗಿನ ಪಠ್ಯವನ್ನು ವಾಪಸ್ ಕಳುಹಿಸುತ್ತದೆ. ಈ ಕೊಡುಕೊಳ್ಳುವಿಕೆಗೆ ಈಗ ಹೆಚ್ಚಾಗಿ ಬಳಕೆಯಾಗುತ್ತಿರುವುದು ಎಂಸಿಪಿ, ಎಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್. ಆಂತ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಇದನ್ನು ಹೊರತಂದಿತು. ಗಂಜ್‌ನ ಲೆಕ್ಕದಲ್ಲಿ ಹೇಳುವುದಾದರೆ, ಗೋದಾಮಿನ ಬೀಗದ ಕೈ ಇರುವುದು ಹಮಾಲನ ಬಳಿ. ಏಜೆಂಟ್ ಗದ್ದಿಗೆಯ ಮೇಲೆ ಕುಳಿತು ಚೀಟಿ ಕಳುಹಿಸುವ ಗುಮಾಸ್ತ, ಅಷ್ಟೇ.

ಹಮಾಲ ಬರಿಗೈಯಲ್ಲಿ ಬಂದಾಗ ಗುಮಾಸ್ತ ತನಗೆ ತೋಚಿದ ಕಾರಣ ಹೇಳುತ್ತಾನೆ. ನಮ್ಮ ಏಜೆಂಟ್ ಹೇಳಿದ್ದು “ಬಹುಶಃ ಅನುಮತಿಯ ಸಮಸ್ಯೆ ಇರಬಹುದು” ಎಂದು. ಹುಡುಗ ಅದನ್ನು ನಂಬಿ ಅರ್ಧ ದಿನ ವಿಂಡೋಸ್‌ನ ಅನುಮತಿಗಳನ್ನು ತಿರುವಿ ಹಾಕಿದ. ಅನುಮತಿಗೆ ಏನೂ ಆಗಿರಲಿಲ್ಲ. ನೋಡಬೇಕಾದದ್ದು ಟೂಲ್‌ಗೆ ಹೋದ ಕೋರಿಕೆ ಮತ್ತು ಅದು ಕೊಟ್ಟ ಮೂಲ ಉತ್ತರ. ಬಹುತೇಕ ಆಪ್‌ಗಳಲ್ಲಿ ಉತ್ತರದ ಮೇಲ್ಭಾಗದಲ್ಲಿ ಟೂಲಿನ ಹೆಸರಿರುವ ಪಟ್ಟಿ ಇರುತ್ತದೆ. ಒತ್ತಿದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಅಂಥ ಪಟ್ಟಿಯೇ ಇಲ್ಲದಿದ್ದರೆ ಏಜೆಂಟ್ ಫೈಲ್ ಕಡೆ ಹೋಗಿಯೇ ಇಲ್ಲ ಎಂದು ತಿಳಿಯಿರಿ.

ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಒಂದು ಗುರುತು ಇಡುತ್ತೇನೆ. ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ, ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಒಂದು ಸಾಲು ಬರೆಯುವುದು. ಈ ಸಲ ಬರೆದದ್ದು: “ಅಂಗಡಿಯ ಬೆಕ್ಕಿನ ಹೆಸರು ರಂಗಿ, ಅದಕ್ಕೆ ಅರ್ಧ ಬಾಲ.” ಬಳಿಕ ಬೆಕ್ಕಿನ ಹೆಸರು ಕೇಳಿದೆ. ಏಜೆಂಟ್ ಟೂಲ್ ಕರೆಯದೆಯೇ “ಮಿಂಚು” ಎಂದಿತು. ಅಲ್ಲಿಗೆ ಒಂದು ವಿಷಯ ಇತ್ಯರ್ಥವಾಯಿತು: ತೊಗರಿ ಇಲ್ಲ ಎಂದದ್ದೂ ನೋಡಿ ಹೇಳಿದ ಮಾತಲ್ಲ.

ಟೂಲ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ

ಇದು ಹೆಚ್ಚಾಗಿ ಆಪ್‌ನ ಸೆಟ್ಟಿಂಗ್ ಫೈಲಿನ ತಪ್ಪು; ಯಾವ ಸರ್ವರ್, ಯಾವ ಫೋಲ್ಡರ್ ಎಂದು ಬರೆದಿರುವುದು ಅದರಲ್ಲೇ. ಆ ಫೈಲ್ ಜೇಸನ್ ಎಂಬ, ಕಟ್ಟುನಿಟ್ಟಿನ ನಿಯಮಗಳಿರುವ ಪಠ್ಯ ರೂಪದಲ್ಲಿರುತ್ತದೆ. ವಿಂಡೋಸ್‌ನ ಫೋಲ್ಡರ್ ದಾರಿಯಲ್ಲಿ ಬರುವ ಹಿಂದೊರಗಿದ ಗೆರೆಗೆ (\) ಜೇಸನ್‌ನಲ್ಲಿ ಬೇರೆ ಅರ್ಥವಿದೆ, ಆದ್ದರಿಂದ ಅದನ್ನು ಎರಡು ಸಲ ಬರೆಯಬೇಕು. ಇದು ಬಹಳ ಜನರಿಗೆ ಗೊತ್ತು. ಒಂದೇ ಸಲ ಬರೆದರೆ ಎಲ್ಲ ಸಲವೂ ಒಂದೇ ರೀತಿ ಕೆಡುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ‘ಕಿರ್ದಿ’ ಆಗಿದ್ದರೆ ಗೆರೆಯ ಪಕ್ಕ ಕೆ ಬರುತ್ತದೆ. ಜೇಸನ್‌ನಲ್ಲಿ ಅಂಥ ಜೋಡಿ ಇಲ್ಲ, ಹಾಗಾಗಿ ಇಡೀ ಸೆಟ್ಟಿಂಗ್ ತಿರಸ್ಕಾರವಾಗಿ ದೋಷದ ಸಂದೇಶ ಬರುತ್ತದೆ. ಹುಡುಗನ ಫೋಲ್ಡರಿನ ಹೆಸರು ‘ತೊಗರಿ’. ಗೆರೆಯ ಪಕ್ಕ ಸಣ್ಣ ಟಿ. ಆ ಜೋಡಿ ಜೇಸನ್‌ನಲ್ಲಿ ಇದೆ, ಅದರ ಅರ್ಥ ಟ್ಯಾಬ್! ಸೆಟ್ಟಿಂಗ್ ಫೈಲ್ ಪೂರ್ತಿ ಸರಿ ಎಂದೇ ದಾಖಲಾಯಿತು. ಸರ್ವರ್ ಮಾತ್ರ ನಡುವೆ ಟ್ಯಾಬ್ ಇರುವ, ‘ಒಗರಿ’ ಎಂದು ಕೊನೆಯಾಗುವ ಯಾವುದೋ ಫೋಲ್ಡರಿಗಾಗಿ ಹುಡುಕುತ್ತ ಕುಳಿತಿತ್ತು. ಎನ್ ಅಕ್ಷರದಿಂದ ಶುರುವಾಗುವ ಹೆಸರಾದರೆ ಹೊಸ ಸಾಲು ಬೀಳುತ್ತದೆ. ಗೆರೆಯನ್ನು ಎರಡು ಸಲ ಬರೆಯಿರಿ, ಇಲ್ಲವೇ ಮುಂದೊರಗಿದ ಗೆರೆ (/) ಬಳಸಿ. ವಿಂಡೋಸ್ ಅದನ್ನೂ ಒಪ್ಪುತ್ತದೆ.

ತಿದ್ದಿದ ಮೇಲೆ ಆಪ್ ಅನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿದರೆ ಅದು ಗಡಿಯಾರದ ಪಕ್ಕ ಅಡಗಿ ಓಡುತ್ತಲೇ ಇರಬಹುದು. ಹಳೆಯ ಸೆಟ್ಟಿಂಗೇ ಚಾಲ್ತಿಯಲ್ಲಿರುತ್ತದೆ. ಇದೊಂದಕ್ಕೇ ನಮ್ಮ ಮೊದಲ ಸಂಜೆಯ ಮುಕ್ಕಾಲು ಗಂಟೆ ಹೋಯಿತು. ಹೊರಗೆ ಹಮಾಲರು ಚೀಲ ಕೊಡವುತ್ತಿದ್ದರು, ಒಳಗೆ ನಾವು ಕೆಮ್ಮುತ್ತಿದ್ದೆವು.

ಇನ್ನೊಂದು ಕಾರಣ, ಸರ್ವರನ್ನು ನೀವೇ ಬರೆದಿದ್ದರೆ ಮಾತ್ರ. ಎರಡನೆಯ ಸಂಜೆ ಹುಡುಗ ಉತ್ಸಾಹದಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತನ್ನದೇ ಸರ್ವರ್ ಬರೆದು ತಂದ. ಅದು ಶುರುವಾದ ಕೂಡಲೇ ‘ನಮಸ್ಕಾರ, ಸರ್ವರ್ ಸಿದ್ಧ’ ಎಂದು ಪ್ರಿಂಟ್ ಮಾಡುತ್ತಿತ್ತು. ಆಪ್ ಮತ್ತು ಸರ್ವರ್ ಮಾತಾಡುವುದು ಅದೇ ಔಟ್‌ಪುಟ್ ಕಾಲುವೆಯಲ್ಲಿ, ಸಾಲಿಗೊಂದು ಜೇಸನ್ ಸಂದೇಶದಂತೆ. ನಡುವೆ ಬಂದ ನಮಸ್ಕಾರ ಅದಕ್ಕೆ ಅರ್ಥವಾಗದ ಸಂದೇಶ. ಇಂಥ ಮಾತುಗಳನ್ನೆಲ್ಲ ದೋಷಗಳಿಗೆಂದು ಇರುವ ಬೇರೆ ಕಾಲುವೆಗೆ, ಅಂದರೆ ಸ್ಟ್ಯಾಂಡರ್ಡ್ ಎರರ್‌ಗೆ ಕಳುಹಿಸಬೇಕು.

ಟೂಲ್ ಇದೆ, ಫೈಲ್ ಸಿಗುವುದಿಲ್ಲ

ಯಾವ ಯಾವ ಫೋಲ್ಡರ್‌ಗೆ ಅನುಮತಿ ಇದೆ ಎಂದು ಪಟ್ಟಿ ಮಾಡುವ ಟೂಲ್ ಸರ್ವರ್‌ನಲ್ಲಿದ್ದರೆ ಮೊದಲು ಅದನ್ನೇ ಕರೆಯಲು ಹೇಳಿ. ಆ ಪಟ್ಟಿಯ ಹೊರಗಿನದು ಸಿಗುವುದಿಲ್ಲ, ಸಿಗಲೂ ಬಾರದು. ಫೋಲ್ಡರಿನೊಳಗೆ ಬೇರೆ ಕಡೆಯ ಶಾರ್ಟ್‌ಕಟ್ ಇಟ್ಟು ಒಳಗೆ ಬಿಟ್ಟುಕೊಳ್ಳುತ್ತೇನೆ ಎಂದರೆ ನಡೆಯುವುದಿಲ್ಲ. ಪೂರ್ತಿ ದಾರಿ ಬರೆಯಿರಿ. ಅರ್ಧ ದಾರಿ ಎಲ್ಲಿಂದ ಶುರುವಾಗುತ್ತದೆ ಎಂಬುದು ಸರ್ವರನ್ನು ಆಪ್ ಎಲ್ಲಿ ನಿಲ್ಲಿಸಿ ಓಡಿಸಿತು ಎಂಬುದರ ಮೇಲೆ ನಿಂತಿರುತ್ತದೆ. ಒನ್‌ಡ್ರೈವ್ ಚಾಲೂ ಇರುವ ಯಂತ್ರದಲ್ಲಿ ‘ಡಾಕ್ಯುಮೆಂಟ್ಸ್’ ಇರುವ ನಿಜವಾದ ಜಾಗ ನೀವು ಅಂದುಕೊಂಡದ್ದಲ್ಲದಿರಬಹುದು. ವಿಂಡೋಸ್ ಫೈಲಿನ ಬಾಲದ ಹೆಸರನ್ನು ಮುಚ್ಚಿಡುವುದರಿಂದ ‘ಟಿಎಕ್ಸ್‌ಟಿ’ ಎರಡು ಸಲ ಸೇರಿಕೊಂಡಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಬಾಲ ತೋರಿಸುವ ಆಯ್ಕೆಯನ್ನು ಒಮ್ಮೆ ಒತ್ತಿಬಿಟ್ಟರೆ ಜೀವಮಾನಕ್ಕೆ ಸಾಕು.

ಫೈಲ್ ತೆರೆಯುತ್ತದೆ, ಹುಡುಕಿದರೆ ಏನೂ ಇಲ್ಲ

ಇಷ್ಟೆಲ್ಲ ಆದ ಮೇಲೆ ಬೆಕ್ಕಿನ ಹೆಸರು ಸರಿಯಾಗಿ ಬಂತು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ತೊಗರಿ ಕೇಳಿದರೆ ಮತ್ತೆ ಅದೇ “ಕಂಡುಬಂದಿಲ್ಲ”.

ಈಗ ಟೂಲ್ ಕರೆ ಬಿಚ್ಚಿ ನೋಡಿದೆವು. ಏಜೆಂಟ್ ‘ಫೈಲ್ ಹುಡುಕು’ ಎಂಬ ಟೂಲ್‌ಗೆ ‘ತೊಗರಿ’ ಎಂಬ ಪದ ಕೊಟ್ಟಿದೆ, ಉತ್ತರ ಖಾಲಿ. ಟೂಲಿನ ವಿವರಣೆ ಓದಿದಾಗ ಗುಟ್ಟು ತಿಳಿಯಿತು: ಅದು ಹುಡುಕುವುದು ಫೈಲಿನ ಹೆಸರಿನಲ್ಲಿ, ಫೈಲಿನ ಒಳಗಲ್ಲ. ಎಂಸಿಪಿಯ ಮಾದರಿ ಫೈಲ್ ಸರ್ವರ್‌ನಲ್ಲೂ ಹೀಗೆಯೇ ಇದೆ. ಕಾಕಾ ಅವರ ಫೈಲ್‌ಗಳ ಹೆಸರು ಬರೀ ತಾರೀಖು. ಬೀರುವಿನ ಬಾಗಿಲ ಮೇಲೆ ತೊಗರಿ ಎಂದು ಬರೆದಿಲ್ಲ, ಹಾಗಾಗಿ ಒಳಗೂ ಇಲ್ಲ ಎಂದು ತೀರ್ಮಾನಿಸಿದ ಹಾಗಾಯಿತು. ಏಜೆಂಟ್‌ಗೆ ಆ ವ್ಯತ್ಯಾಸ ಹೊಳೆಯಲಿಲ್ಲ, ಮೂರು ದಿನ ಅದರೊಂದಿಗೆ ಮಾತಾಡಿದ ಹುಡುಗನಿಗೂ ಹೊಳೆದಿರಲಿಲ್ಲ. ನಾನು ಕೂಡ ಟೂಲಿನ ಹೆಸರು ನೋಡಿ ಮೋಸಹೋಗಿದ್ದೆ.

ಪರಿಹಾರ ಎರಡು. ತಾರೀಖು ಗೊತ್ತಿರುವ ಪ್ರಶ್ನೆಗೆ ಫೈಲಿನ ಹೆಸರೇ ಸಾಕು: ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಟ್ಟು, ಆ ವಾರದ ಏಳು ಫೈಲ್‌ಗಳನ್ನು ಒಂದೊಂದಾಗಿ ಓದು ಎಂದು ನೇರವಾಗಿ ಹೇಳುವುದು. ತಾರೀಖು ಗೊತ್ತಿಲ್ಲದ ಪ್ರಶ್ನೆಗೆ ಒಳಗಿನ ಪಠ್ಯ ಹುಡುಕುವ ಇನ್ನೊಂದು ಟೂಲ್ ಬೇಕು. ಹುಡುಗ ಬರೆದ ಸರ್ವರ್ ಇಲ್ಲಿ ಕೆಲಸಕ್ಕೆ ಬಂತು. ಮೂವತ್ತು ಸಾಲಿನ ಪ್ರೋಗ್ರಾಂ. ಸಿಕ್ಕ ಸಾಲು, ಫೈಲಿನ ಹೆಸರು, ಸಾಲಿನ ಸಂಖ್ಯೆ ಇಷ್ಟನ್ನೇ ಕೊಡುತ್ತದೆ. ದೊಡ್ಡ ದೊಡ್ಡ ಹುಡುಕಾಟದ ಯಂತ್ರಗಳನ್ನು ಜೋಡಿಸುವ ಮೊದಲು ಇಂಥದ್ದನ್ನು ಬರೆಯಿರಿ ಎನ್ನುತ್ತೇನೆ. ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು.

‘ಕ್ವಿಂಟಲ್’ ಬಂದಲ್ಲೆಲ್ಲ ಮುಗ್ಗರಿಸುವುದು

ಹೊಸ ಟೂಲ್ ಬೆಕ್ಕಿನ ಫೈಲನ್ನೂ ಓದಲಿಲ್ಲ, ಆವಕದ ಫೈಲ್‌ಗಳನ್ನೂ ಓದಲಿಲ್ಲ. ಕೊಟ್ಟು ನೋಡಿದವುಗಳಲ್ಲಿ ಓದಿದ್ದು ಒಂದೇ ಫೈಲ್. ಅದರಲ್ಲಿ “ರಜೆ” ಎಂದಷ್ಟೇ ಇತ್ತು. ವಿಂಡೋಸ್‌ನಲ್ಲಿ ಪೈಥಾನ್‌ಗೆ ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ಎಂದು ಹೇಳದೆ ಫೈಲ್ ತೆರೆದರೆ, ಈಚಿನವರೆಗಿನ ಆವೃತ್ತಿಗಳು ವಿಂಡೋಸ್‌ನ ಹಳೆಯ 1252 ಎಂಬ ಅಕ್ಷರಪಟ್ಟಿಯಲ್ಲಿ ಓದಲು ಹೊರಡುತ್ತವೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಎನ್‌ಕೋಡಿಂಗ್ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹಲಂತದ, ಅಂದರೆ ಅರ್ಧಾಕ್ಷರಕ್ಕೂ ಒತ್ತಕ್ಷರಕ್ಕೂ ಬೇಕಾಗುವ ಚಿಹ್ನೆಯ, ಮೂರನೆಯ ಬೈಟ್‌ಗೆ ಆ ಹಳೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ‘ರಜೆ’ಯಲ್ಲಿ ಒತ್ತಕ್ಷರ ಇಲ್ಲ, ಹಾಗಾಗಿ ಅದು ವಿಕಾರವಾಗಿಯಾದರೂ ದಾಟಿತು. ‘ಬೆಕ್ಕು’, ‘ಕ್ವಿಂಟಲ್’ ಬಂದಲ್ಲಿ ಪ್ರೋಗ್ರಾಂ ನಿಂತಿತು. ಫೈಲ್ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದರೆ ಮುಗಿಯಿತು.

ಆದರೆ ಹಳೆಯ ಫೈಲ್‌ಗಳೆಲ್ಲ ಯುಟಿಎಫ್-8 ಅಲ್ಲವಲ್ಲ. ವಿಕಾರವಾದ ಪಠ್ಯ ಕಂಡಾಗ ಅದರ ಮುಖ ನೋಡಿಯೇ ರೋಗ ಹೇಳಬಹುದು. ತಲೆಯ ಮೇಲೆ ಗೀರಿರುವ ಇಂಗ್ಲಿಷ್‌ನ ಸಣ್ಣ ಎ (à), ಪಕ್ಕದಲ್ಲಿ ಮೇಲಕ್ಕೇರಿಸಿ ಬರೆದ 2 ಅಥವಾ 3, ಇವು ಮತ್ತೆ ಮತ್ತೆ ಬರುತ್ತಿದ್ದರೆ ಅದು ಒಳ್ಳೆಯ ಯುಟಿಎಫ್-8 ಕನ್ನಡವೇ. ಓದುವವರು ತಪ್ಪಾಗಿ ಓದುತ್ತಿದ್ದಾರೆ. ಗೀರಿರುವ ದೊಡ್ಡ ಎ (À) ಎಲ್ಲೆಡೆ ಕಂಡರೆ ಅದು ನುಡಿ ತಂತ್ರಾಂಶದ ಕಾಲದ ಆಸ್ಕಿ ಬರಹ. ಅದರಲ್ಲಿ ‘ಕನ್ನಡ’ ಎಂಬುದು ಪಿ, ಗೀರಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಗೀರಿನ ಎ ಆಗಿ ಕುಳಿತಿರುತ್ತದೆ. ಫಾಂಟ್ ಹಾಕಿದರೆ ಮನುಷ್ಯರಿಗೆ ಕನ್ನಡ, ಯಂತ್ರಕ್ಕೆ ಯಾವತ್ತೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ, ಪದಗಳ ನಡುವಿನ ತೆರಪು ಇವುಗಳ ಪಕ್ಕದಲ್ಲೆಲ್ಲ ಖಾಲಿ ಬೈಟ್‌ಗಳಿದ್ದರೆ ಯುಟಿಎಫ್-16. ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂಬ ಆಯ್ಕೆಯ ಅರ್ಥ ಅದೇ ಆಗಿತ್ತು. ಇನ್ನು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕೈಮುಗಿಯಿರಿ. 2019ಕ್ಕೂ ಹಿಂದಿನ ನೋಟ್‌ಪ್ಯಾಡ್ ತಾನಾಗಿ ಆಯ್ದುಕೊಳ್ಳುತ್ತಿದ್ದುದು ಆನ್ಸಿ, ಅಂದರೆ ಕನ್ನಡಕ್ಕೆ ಜಾಗವಿಲ್ಲದ ಅದೇ ಹಳೆಯ ಅಕ್ಷರಪಟ್ಟಿ; ಎಚ್ಚರಿಕೆ ಬಂದಾಗ ಓದದೆ ‘ಸರಿ’ ಒತ್ತಿದವರ ಕನ್ನಡ ಅಲ್ಲಿಗೇ ಹೋಯಿತು. ಕಾಕಾ ಅವರ 2014ರ ಹನ್ನೊಂದು ಫೈಲ್‌ಗಳು ಹಾಗೆ ಹೋಗಿವೆ, ಕಿರ್ದಿ ಪುಸ್ತಕ ನೋಡಿ ಮತ್ತೆ ಬರೆಯಬೇಕು.

ನುಡಿಯ ಆಸ್ಕಿಯಿಂದ ಈಗ ಎಲ್ಲೆಡೆ ನಡೆಯುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ, ಬಳಸಿ. ಒಂದು ಎಚ್ಚರಿಕೆ ಮಾತ್ರ. ನಮ್ಮಲ್ಲಿ 2013ರವರೆಗೆ ನುಡಿಯ ಸಂಪಾದಕದಲ್ಲಿ ಬರೆದು ಬರಿಯ ಪಠ್ಯವಾಗಿ ಉಳಿಸಿದ್ದರು. ಯಾವುದು ಕನ್ನಡ ಫಾಂಟ್, ಯಾವುದು ಇಂಗ್ಲಿಷ್ ಎಂಬ ಗುರುತು ಬರಿಯ ಪಠ್ಯದಲ್ಲಿ ಉಳಿಯುವುದಿಲ್ಲ. ಪರಿವರ್ತಕ ಲಾರಿ ನಂಬರಿನ ‘ಕೆಎ 32’ರ ಇಂಗ್ಲಿಷ್ ಅಕ್ಷರಗಳನ್ನೂ ನುಡಿ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ತುಂಡುಗಳನ್ನಾಗಿ ಮಾಡಿಟ್ಟಿತು. ಪರಿವರ್ತಿಸುವ ಮುನ್ನ ಇಂಥವನ್ನು ಬೇರೆ ತೆಗೆದಿಡಿ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಮೂರನೆಯ ಸಂಜೆ ತೊಗರಿ ಸಿಕ್ಕಿತು, ಆದರೆ ಅರ್ಧ. ಒಂದೇ ವಾರದಲ್ಲಿ ಎರಡು ದಿನದ ಸಾಲು ಬರುತ್ತದೆ, ಮೂರನೆಯ ದಿನದ್ದು ಬರುವುದಿಲ್ಲ. ಫೈಲ್ ತೆರೆದರೆ ಎದುರಿಗೇ ಇದೆ: ಸೇಡಂ, ತೊಗರಿ.

ಈ ಎರಡು ಪದಗಳಲ್ಲೇ ಇಡೀ ಪಾಠ ಅಡಗಿದೆ. ‘ತೊ’ ಅನ್ನು ಯೂನಿಕೋಡ್‌ನಲ್ಲಿ ಎರಡು ರೀತಿಯಲ್ಲಿ ಇಡಬಹುದು: ತ ಮತ್ತು ಒಕಾರದ ಒಂದೇ ಚಿಹ್ನೆ, ಅಥವಾ ತ, ಎಕಾರದ ಚಿಹ್ನೆ, ಅದರ ಮುಂದೆ ಊಕಾರದ ಚಿಹ್ನೆ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ‘ಸೇ’ ಕೂಡ ಹಾಗೆಯೇ, ಎಕಾರ ಮತ್ತು ದೀರ್ಘದ ಚಿಹ್ನೆಯಾಗಿ ಒಡೆದುಕೊಂಡಿರಬಹುದು. ಪರಿವರ್ತಕದಿಂದ ಬಂದ ನಮ್ಮ ಕೆಲವು ಫೈಲ್‌ಗಳಲ್ಲಿ ಒಡೆದ ರೂಪವಿತ್ತು, ಹುಡುಕುವ ಪದ ಕೂಡಿದ ರೂಪದಲ್ಲಿತ್ತು. ಹುಡುಕುವ ಮೊದಲು ಎರಡೂ ಕಡೆ ಎನ್ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಪೈಥಾನ್‌ನಲ್ಲಿ ಅದು ಒಂದೇ ಸಾಲು.

ಸೇಡಂನ ಕೊನೆಯ ಸೊನ್ನೆಯನ್ನು ಎನ್ಎಫ್‌ಸಿ ಸರಿಪಡಿಸುವುದಿಲ್ಲ. ‘ಸೇಡಂ’ ಮತ್ತು ‘ಸೇಡ೦’, ಎರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದು ಅನುಸ್ವಾರ. ಎರಡನೆಯದು ಕನ್ನಡದ ಅಂಕಿ ಸೊನ್ನೆ. ಒಬ್ಬ ಗುಮಾಸ್ತ ವರ್ಷಗಟ್ಟಲೆ ಅಂಕಿಯನ್ನೇ ಒತ್ತಿದ್ದ, ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಷರದ ಬೆನ್ನಿಗೆ ಬಂದ ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡು ಎಂದು ನಕಲಿನಲ್ಲಿ ಬದಲಾಯಿಸಿದೆವು.

ಮೂರನೆಯದು ಪೂರ್ತಿ ಅದೃಶ್ಯ. ಮೊಬೈಲ್ ಕೀಲಿಮಣೆಗಳು ಅರ್ಧಾಕ್ಷರದ ಬಳಿಕ ಅಗಲವಿಲ್ಲದ ಒಂದು ಸಂಕೇತವನ್ನು ಸೇರಿಸುವುದುಂಟು; ‘ಟ್ರ್ಯಾಕ್ಟರ್‌ನಲ್ಲಿ’ ಎಂಬಲ್ಲಿ ರ್ ಮತ್ತು ನ ಒಂದಕ್ಕೊಂದು ಒತ್ತಾಗದೆ ನಿಲ್ಲುವುದು ಅದರಿಂದಲೇ. ಪದದ ಕೊನೆಯಲ್ಲಿ ಬಂದಾಗ ಅದು ಇದ್ದದ್ದೂ ತಿಳಿಯುವುದಿಲ್ಲ. ಹುಡುಕುವ ವೇಳೆಗೆ ಎರಡೂ ಕಡೆಯಿಂದ ಅದನ್ನು ತೆಗೆದುಹಾಕಿ; ಮೂಲ ಪಠ್ಯದಲ್ಲಿ ಮಾತ್ರ ಇರಲಿ, ಇಲ್ಲದಿದ್ದರೆ ಓದುವವರಿಗೆ ಕಷ್ಟ.

ಹೆಸರುಗಳ ಗೊಂದಲ ಯೂನಿಕೋಡ್‌ನ ತಪ್ಪಲ್ಲ, ನಮ್ಮದು. 2014ರ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ಬದಲಾಯಿತು. ಕಾಕಾ ಅವರ ಫೈಲ್‌ಗಳಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ನಾಲ್ಕೂ ಇವೆ. ಜೇವರ್ಗಿ, ಜೇವರಗಿ, ಯಾದಗಿರಿ, ಯಾದಗಿರ. ಇವನ್ನು ಫೈಲ್‌ಗಳಲ್ಲಿ ತಿದ್ದಲು ಹೋಗಬೇಡಿ. ಒಂದು ಪುಟ್ಟ ಫೈಲಿನಲ್ಲಿ ಯಾವ ಊರಿಗೆ ಯಾವ ಯಾವ ಹೆಸರು ಎಂದು ಬರೆದಿಟ್ಟು, ಹುಡುಕುವ ಮೊದಲು ಅದನ್ನು ಓದು ಎಂದು ಏಜೆಂಟ್‌ಗೆ ಹೇಳಿ. ಇಂಥ ಕೆಲಸವನ್ನು ಏಜೆಂಟ್ ಚೆನ್ನಾಗಿ ಮಾಡುತ್ತದೆ.

ಅರ್ಧ ಓದಿ ಪೂರ್ತಿ ಉತ್ತರ

ನಡುವೆ ಹುಡುಗ ಒಂದು ವರ್ಷದ ಫೈಲ್‌ಗಳನ್ನೆಲ್ಲ ಒಂದೇ ಫೈಲ್ ಮಾಡಿ ಕೊಟ್ಟು ನೋಡಿದ. ಟೂಲ್ ತನ್ನ ಮಿತಿ ಮುಟ್ಟಿದಲ್ಲಿ ಕತ್ತರಿಸಿತು; ಏಜೆಂಟ್ ಮಾರ್ಚ್‌ವರೆಗೆ ಓದಿ ವರ್ಷದ ಮೊತ್ತ ಹೇಳಿತು. ಕನ್ನಡ ಪಠ್ಯ ಅಷ್ಟೇ ಅಕ್ಷರಗಳ ಇಂಗ್ಲಿಷ್ ಪಠ್ಯಕ್ಕಿಂತ ಹೆಚ್ಚು ಬೈಟ್ ತಿನ್ನುವುದರಿಂದ ಮಿತಿ ಬೇಗ ಬರುತ್ತದೆ. ಮೂಲ ಉತ್ತರದ ಕೊನೆಯ ಸಾಲು ಫೈಲಿನ ಕೊನೆಯ ಸಾಲೇ ಎಂದು ಹೋಲಿಸಿ ನೋಡಿ. ಕೊನೆಯಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಒಂದು ಅಕ್ಷರದ ಮೂರು ಬೈಟ್‌ಗಳ ನಡುವೆಯೇ ಕತ್ತರಿ ಬಿದ್ದಿದೆ ಎಂದರ್ಥ. ಅವನಿಗೆ ಮತ್ತೆ ದಿನಕ್ಕೊಂದು ಫೈಲಿಗೆ ಮರಳಲು ಹೇಳಿದೆ. ಕಾಕಾ ಅವರ ಪದ್ಧತಿಯೇ ಸರಿಯಾಗಿತ್ತು.

ಮೂವತ್ತು ಚೀಲದ ವ್ಯತ್ಯಾಸ

ನಾಲ್ಕನೆಯ ಸಂಜೆ ಏಜೆಂಟ್ ಏಳು ಫೈಲ್ ಓದಿ, ಪ್ರತಿ ಸಾಲನ್ನೂ ತೋರಿಸಿ, ಸೇಡಂ ಕಡೆಯ ತೊಗರಿ 382 ಚೀಲ ಎಂದಿತು. ಕಾಕಾ ಆಗಲೇ ಕಿರ್ದಿ ತೆರೆದು ಬೆರಳಿಟ್ಟುಕೊಂಡು ಕುಳಿತಿದ್ದರು. “412” ಎಂದರು.

ಏಳೂ ಸಾಲುಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಹೋಲಿಸಿದೆವು. ಐದನೆಯ ದಿನದ ಸಾಲಿನಲ್ಲಿ ಪುಸ್ತಕದಲ್ಲಿ ೩೦ ಚೀಲ. ಫೈಲಿನಲ್ಲೂ ಅದೇ ಕಾಣುತ್ತಿತ್ತು. ಏಜೆಂಟ್ ಆ ಸಾಲನ್ನು “ಸಂಖ್ಯೆ ಸ್ಪಷ್ಟವಿಲ್ಲ” ಎಂದು ಸಣ್ಣದಾಗಿ ಬರೆದು ಬಿಟ್ಟಿತ್ತು, ನಾವು ಅದನ್ನು ಓದಿರಲಿಲ್ಲ. ಅದೇ ಗುಮಾಸ್ತ, ಈ ಸಲ ತಿರುಗುಮುರುಗು: ಮೂರರ ಪಕ್ಕ ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದ. ಹೊಸ ಪರದೆಗಳಲ್ಲಿ ಅಂಕಿಯ ಪಕ್ಕದ ಅನುಸ್ವಾರಕ್ಕೆ ಚುಕ್ಕಿಗಳ ವೃತ್ತ ಮೂಡುವುದುಂಟು. ಅಂಗಡಿಯ ಹಳೆಯ ಪರದೆಯಲ್ಲಿ ಮೂಡಿರಲಿಲ್ಲ. ಅಂಕಿಯ ಬೆನ್ನಿಗೆ ಬಂದ ಅನುಸ್ವಾರವನ್ನು ಸೊನ್ನೆ ಮಾಡುವ ಇನ್ನೊಂದು ಸಾಲನ್ನು ಪ್ರೋಗ್ರಾಂಗೆ ಸೇರಿಸಿ ಮತ್ತೆ ಕೇಳಿದೆವು. 412 ಬಂತು. ಕಾಕಾ ಪುಸ್ತಕ ಮುಚ್ಚಿ, ಆ ಗುಮಾಸ್ತ ಈಗ ಯಾವ ಅಂಗಡಿಯಲ್ಲಿದ್ದಾನೆ ಎಂದು ವಿಚಾರಿಸತೊಡಗಿದರು.